ಕಿಡ್ನಿ ಮೇಡಂ ಮತ್ತು ಮೂರನೇ ಬಾಗಿಲು

ಶ್ರದ್ಧಾಂಜಲಿ ಸಭೆಯಲ್ಲಿ ನಿಜವನ್ನೇ ಹೇಳಬೇಕೆಂದು ಯಾರಾದರೂ ಕಾನೂನು ಮಾಡಿದರೆ ನಮ್ಮ ಕಾಲೇಜಿನ ಸಭೆಗಳೆಲ್ಲ ಮೌನಾಚರಣೆಯಲ್ಲೇ ಮುಗಿದುಹೋಗುತ್ತವೆ. ಹೋದ ವಾರ ಹಾಗೇನೂ ಆಗಲಿಲ್ಲ. ಮಾತಾಡಿದವರೆಲ್ಲ ನಮ್ಮ ಮೇಡಂ ಅವರನ್ನು ಸಹನಾಮೂರ್ತಿ ಎಂದು ಕರೆದರು. ಒಬ್ಬರು ಇನ್ನೂ ಮುಂದೆ ಹೋಗಿ ಭೂಮಿತಾಯಿ ಎಂದರು. ನಮ್ಮ ಹಳೆಯ ಪ್ರಿನ್ಸಿಪಾಲರಂತೂ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡು, ಅವರಿಂದ ನಾನು ಬಹಳ ಕಲಿತೆ ಎಂದರು. ಏನು ಕಲಿತರೆಂದು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಹಾರ ಹಾಕಿದ ಫೋಟೋದಲ್ಲಿ ಮೇಡಂ ತುಟಿ ಬಿಗಿಹಿಡಿದು ಕೂತಿದ್ದರು. ಯಾರಿಗಾದರೂ ಬಿಸಿ ಮುಟ್ಟಿಸುವ ಮೊದಲು ಅವರ ಮುಖ ಹಾಗೇ ಇರುತ್ತಿತ್ತು.

ಸಹನೆ ಅವರಿಗೆ ಚೂರೂ ಇರಲಿಲ್ಲ. ಅದನ್ನು ಬರೆದಿಡಬೇಕೆಂದೇ ಕೂತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಅವರ ಮನೆಯವರು ದಾವಣಗೆರೆಯಲ್ಲಿ ನಾಲ್ಕು ಜನರ ನಡುವೆ ಮರ್ಯಾದೆಯಿಂದ ವ್ಯಾಪಾರ ಮಾಡಿಕೊಂಡಿರುವವರು. ನಾನು ಬರೆಯಹೊರಟಿರುವುದು ಬಹುಪಾಲು ಮೂತ್ರದ ವಿಷಯ.

ಹರಿಹರದ ನಮ್ಮ ಪಿಯು ಕಾಲೇಜಿನಲ್ಲಿ ಅವರು ಜೀವಶಾಸ್ತ್ರ ಹೇಳುತ್ತಿದ್ದರು, ನಾನು ಕನ್ನಡ. ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು. ಇಬ್ಬರೂ ದಾವಣಗೆರೆಯವರಾದ್ದರಿಂದ ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆವು. ಅವರಿಗೆ ಕಿಟಕಿಯ ಸೀಟು ಬೇಕು, ನನಗೆ ಅವರ ಮಾತು ಬೇಕು, ಹೀಗೆ ನಮ್ಮ ಸ್ನೇಹ ಬೆಳೆಯಿತು. ಸ್ನೇಹ ಎಂದರೆ ಅವರು ಬೈಯುವುದು, ನಾನು ಬೈಸಿಕೊಳ್ಳುವುದು.

ಹುಡುಗರು ಅವರಿಗೆ ಕಿಡ್ನಿ ಮೇಡಂ ಎಂದು ಹೆಸರಿಟ್ಟಿದ್ದರು. ಇದು ಅವರಿಗೆ ಗೊತ್ತಿತ್ತು, ಖುಷಿಯೂ ಇತ್ತು. ಬೇರೆ ಜೀವಶಾಸ್ತ್ರದವರು ಹೃದಯದ ಪಾಠ ಬಂದರೆ ಕೊರಳು ಸರಿಮಾಡಿಕೊಂಡು ಶುರುಮಾಡುತ್ತಿದ್ದರು, ಮೂತ್ರದ ಪಾಠ ಬಂದರೆ ನೀವೇ ಓದಿಕೊಳ್ಳಿ ಎಂದು ಹೇಳಿ ಮುಂದಿನ ಅಧ್ಯಾಯಕ್ಕೆ ಹಾರುತ್ತಿದ್ದರು. ಮೇಡಂ ಹೃದಯವನ್ನು ಎರಡು ದಿನದಲ್ಲಿ ಮುಗಿಸಿ, ಮೂತ್ರಪಿಂಡಕ್ಕೆ ಎರಡು ವಾರ ಕೊಡುತ್ತಿದ್ದರು. ಯಾಕೆ ಎಂದು ಒಮ್ಮೆ ಬಸ್ಸಿನಲ್ಲಿ ಕೇಳಿದೆ.

"ಹೃದಯಕ್ಕೆ ನಿಮ್ಮ ಕವಿಗಳು ಅದಾರೆ. ಮಿದುಳಿಗೆ ಪಂಡಿತರು ಅದಾರೆ. ಕಿಡ್ನಿಗೆ ಯಾರದಾರವ್ವ? ನಾನೊಬ್ಬಾಕಿ" ಎಂದರು.

ನಾನು ಕನ್ನಡದವಳೆಂದು ಅವರಿಗೆ ಸದರ. ನಿಮ್ಮ ಕಾವ್ಯದ ನಾಯಕಿಯರು ವರ್ಷಗಟ್ಟಲೆ ಕಾಡಿನಲ್ಲಿ ಅಲೆಯುತ್ತಾರೆ, ಕೊಡಗಟ್ಟಲೆ ಕಣ್ಣೀರು ಹಾಕುತ್ತಾರೆ, ಒಬ್ಬಳಿಗಾದರೂ ಒಂದಕ್ಕೆ ಬಂದ ಉದಾಹರಣೆ ಇದೆಯೇ ಎಂದು ಕೇಳುತ್ತಿದ್ದರು. ಬಸ್ಸಿನ ಮುಂದಿನ ಸೀಟಿನವರು ತಿರುಗಿ ನೋಡುತ್ತಿದ್ದರು. ನಾನು ಕಿಟಕಿಯ ಕಡೆ ಮುಖ ಮಾಡುತ್ತಿದ್ದೆ. ಆದರೆ ಕಿಟಕಿಯ ಕಡೆ ಕೂತಿದ್ದವರು ಅವರೇ.

ಆ ಪಾಠ ಶುರುವಾಗುವ ದಿನ ಅವರ ತರಗತಿಯಲ್ಲಿ ಒಂದು ವಿಧಿ ಇತ್ತು. ಹುಡುಗರು ಹುಡುಗಿಯರು ಎಲ್ಲರೂ ಎದ್ದು ನಿಂತು ಮೂತ್ರ ಎಂದು ಗಟ್ಟಿಯಾಗಿ ಹೇಳಬೇಕು. ನಗು ಬಂದರೆ ಮತ್ತೆ ಹೇಳಬೇಕು. ನಗು ಪೂರ್ತಿ ಸವೆಯುವವರೆಗೂ ಹೇಳಬೇಕು. ಪಕ್ಕದ ಕೋಣೆಯಲ್ಲಿ ನಾನು ಹಳಗನ್ನಡದ ಪದ್ಯ ಬಿಡಿಸುತ್ತಿದ್ದರೆ ಗೋಡೆಯ ಆಚೆಯಿಂದ ಆ ಘೋಷಣೆ ಕೇಳಿಬರುತ್ತಿತ್ತು. ನನ್ನ ಹುಡುಗರು ಪದ್ಯ ಬಿಟ್ಟು ಅದನ್ನೇ ಕೇಳುತ್ತಿದ್ದರು. ನಿಜ ಹೇಳಬೇಕೆಂದರೆ ನಾನೂ ಕೇಳುತ್ತಿದ್ದೆ. "ನಗೋದು ಮುಗೀತಾ? ಕೂಡ್ರಿ. ಇನ್ನ ಪಾಠ" ಎಂಬ ಮಾತು ಬಂದ ಮೇಲೆ ಅಲ್ಲಿಂದ ಸೀಮೆಸುಣ್ಣದ ಸದ್ದು ಮಾತ್ರ.

ಕಿಡ್ನಿ ಎಂದರೆ ಜರಡಿ ಎಂದು ಯಾರಾದರೂ ಹೇಳಿದರೆ ಅವರಿಗೆ ಮೈ ಉರಿಯುತ್ತಿತ್ತು. ಜರಡಿಗೆ ಬುದ್ಧಿ ಇಲ್ಲ, ಕಿಡ್ನಿಗೆ ಇದೆ ಎನ್ನುವುದು ಅವರ ವಾದ. ದೀಪಾವಳಿಗೆ ಮನೆ ಸ್ವಚ್ಛ ಮಾಡುವವರು ಏನು ಮಾಡುತ್ತಾರೆ? ಡಬ್ಬಿ, ಚೊಂಬು, ಹಾಸಿಗೆ ಎಲ್ಲವನ್ನೂ ಮೊದಲು ಅಂಗಳಕ್ಕೆ ಹಾಕುತ್ತಾರೆ. ಆಮೇಲೆ ಒಂದೊಂದೇ ನೋಡಿ, ಬೇಕಾದದ್ದನ್ನು ಒಳಗೆ ತೆಗೆದುಕೊಂಡು ಹೋಗುತ್ತಾರೆ. ಕಿಡ್ನಿಯೂ ಅಷ್ಟೆ. ದಿನಕ್ಕೆ ನೂರೆಂಬತ್ತು ಲೀಟರಿನಷ್ಟು ನೀರನ್ನು ರಕ್ತದಿಂದ ಸೋಸಿ ಹೊರಗೆ ಹಾಕುತ್ತದೆ. ಅದರಲ್ಲಿ ಸಕ್ಕರೆ ಇರುತ್ತದೆ, ಉಪ್ಪು ಇರುತ್ತದೆ, ಬೇಡದ ಕಸವೂ ಇರುತ್ತದೆ. ಆಮೇಲೆ ಆ ಸಣ್ಣ ನಳಿಕೆಗಳು ಸಕ್ಕರೆಯನ್ನು, ಬೇಕಾದಷ್ಟು ಉಪ್ಪನ್ನು, ಹೆಚ್ಚುಕಡಿಮೆ ಎಲ್ಲ ನೀರನ್ನು ಹುಡುಕಿ ಹುಡುಕಿ ವಾಪಸ್ ಒಳಗೆ ತೆಗೆದುಕೊಳ್ಳುತ್ತವೆ. "ಕೊನೀಗೆ ಅಂಗಳದಾಗೆ ಮಾವನೋರ ಕೆಟ್ಟ ರೇಡಿಯೋ ಒಂದು ಉಳೀತೈತಲ್ಲ, ಅದು ಮೂತ್ರ" ಎಂದು ಮುಗಿಸುತ್ತಿದ್ದರು. ನಮ್ಮ ಕಾಲೇಜಿನ ಒಬ್ಬ ಹುಡುಗನೂ ಆ ಪ್ರಶ್ನೆಗೆ ಪರೀಕ್ಷೆಯಲ್ಲಿ ತಪ್ಪು ಉತ್ತರ ಬರೆದದ್ದನ್ನು ನಾನು ಕೇಳಿಲ್ಲ. ಒಬ್ಬ ಮಾತ್ರ ಉತ್ತರದಲ್ಲಿ ರೇಡಿಯೋವನ್ನೂ ಸೇರಿಸಿ ಬರೆದಿದ್ದನಂತೆ.

ಬಲಗಡೆಯ ಕಿಡ್ನಿ ಎಡಗಡೆಯದಕ್ಕಿಂತ ಸ್ವಲ್ಪ ಕೆಳಗೆ ಇರುತ್ತದೆ, ಅದರ ಮೇಲೆ ಯಕೃತ್ತು ಕೂತಿರುವುದರಿಂದ. ಇದನ್ನು ಹೇಳುವಾಗ ಅವರು, ದೊಡ್ಡವರು ಕುರ್ಚಿಯಲ್ಲಿ ಕೂತರೆ ಪಕ್ಕದವರು ಸರಿಯಲೇಬೇಕಲ್ಲ ಎಂದು ನಮ್ಮ ಆಡಳಿತ ಮಂಡಳಿಯ ಆಫೀಸಿನ ಕಡೆ ಒಮ್ಮೆ ನೋಡುತ್ತಿದ್ದರು. ಮಾತು ಆಫೀಸಿಗೆ ತಲುಪುತ್ತಿತ್ತು. ಅದು ತಲುಪಲಿ ಎಂದೇ ಹೇಳುತ್ತಿದ್ದದ್ದು.

ಇಷ್ಟೆಲ್ಲ ಗೊತ್ತಿದ್ದ ಮಹಾತಾಯಿ ಬೆಳಿಗ್ಗೆ ಏಳು ಗಂಟೆಯಿಂದ ಸಂಜೆ ಮನೆ ಸೇರುವವರೆಗೆ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ.

ಅವರೊಬ್ಬರೇ ಅಲ್ಲ, ನಾವು ಯಾರೂ ಕುಡಿಯುತ್ತಿರಲಿಲ್ಲ. ಇದು ನಮ್ಮ ಕಾಲೇಜಿನ ಹೆಂಗಸರ ವ್ರತ. ಯಾವ ಪಂಚಾಂಗದಲ್ಲೂ ಇಲ್ಲ, ಯಾರೂ ಹೇಳಿಕೊಟ್ಟಿಲ್ಲ, ಹೊಸದಾಗಿ ಕೆಲಸಕ್ಕೆ ಬಂದವಳು ಒಂದು ವಾರದಲ್ಲಿ ತಾನಾಗಿ ಕಲಿಯುತ್ತಿದ್ದಳು. ಸಾರಥಿ, ಕೊಕ್ಕನೂರು, ನಂದಿಗುಡಿಯಂಥ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬರುವ ಹುಡುಗಿಯರೂ ಅದನ್ನೇ ಆಚರಿಸುತ್ತಿದ್ದರು. ಬೇಸಿಗೆಯಲ್ಲಿ ಪ್ರಾರ್ಥನೆಯ ಸಾಲಿನಲ್ಲಿ ಒಬ್ಬಿಬ್ಬರು ತಲೆಸುತ್ತಿ ಬೀಳುತ್ತಿದ್ದರು. ಮನೆಯಲ್ಲಿ ತಿಂಡಿ ತಿಂದು ಬರುವುದಿಲ್ಲ, ಈಗಿನ ಹುಡುಗಿಯರಿಗೆ ತೆಳ್ಳಗಾಗುವ ಹುಚ್ಚು ಎಂದು ಗಂಡಸು ಮೇಷ್ಟ್ರುಗಳು ತೀರ್ಪು ಕೊಡುತ್ತಿದ್ದರು. ಪಕ್ಕದಲ್ಲೇ ತುಂಗಭದ್ರೆ ಹರಿಯುತ್ತಾಳೆ, ಸ್ಟಾಫ್ ರೂಮಿನಲ್ಲಿ ಫಿಲ್ಟರ್ ಇದೆ, ಊರಿನಲ್ಲಿ ನೀರಿಗೆ ಬರವಿಲ್ಲ. ಕುಡಿದ ನೀರಿಗೆ ಹೋಗಲು ಜಾಗವಿರಲಿಲ್ಲ, ಅಷ್ಟೆ.

ಮೇಡಂ ಬ್ಯಾಗಿನಲ್ಲಿ ಮಾತ್ರ ಯಾವಾಗಲೂ ತುಂಬಿದ ಬಾಟಲಿ ಇರುತ್ತಿತ್ತು. ಬೆಳಿಗ್ಗೆ ತುಂಬಿಕೊಂಡು ಬಂದದ್ದು ಸಂಜೆ ತುಂಬಿಕೊಂಡೇ ವಾಪಸ್. ಕುಡಿಯದ ಮೇಲೆ ಹೊತ್ತು ತರುವುದೇಕೆ ಎಂದು ಕೇಳಿದ್ದಕ್ಕೆ, ಪಾಪ ಅದಕ್ಕೂ ಹರಿಹರ ನೋಡಬೇಕು ಅಂತ ಆಸೆ ಇರಲ್ವೇನು, ದಿನಾ ತೋರಿಸಿಕೊಂಡು ಬರುತ್ತೇನೆ ಎಂದರು.

ಜಾಗವಿರಲಿಲ್ಲ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಜಾಗ ಇತ್ತು, ಭರ್ಜರಿಯಾಗೇ ಇತ್ತು. ಸಭಾಂಗಣದ ಪಕ್ಕದಲ್ಲಿ ಮಹಿಳೆಯರ ಶೌಚಾಲಯವೊಂದನ್ನು ನಮ್ಮ ಚೇರ್ಮನ್ನರು ಕಟ್ಟಿಸಿಕೊಟ್ಟಿದ್ದರು. ಅವರು ರೈಸ್ ಮಿಲ್ಲಿನ ಸಾಹುಕಾರರು, ದಾನಿಗಳು. ತೀರಿಹೋದ ತಾಯಿಯ ಸ್ಮರಣಾರ್ಥ ಕಟ್ಟಿಸಿದ್ದು. ಒಳಗೆ ಬಿಳಿ ಟೈಲ್ಸು, ಕನ್ನಡಿ, ನಲ್ಲಿಯಲ್ಲಿ ನೀರು. ಬಾಗಿಲ ಮೇಲೆ ತಾಯಿಯ ಹೆಸರು ಕೆತ್ತಿದ ಗ್ರಾನೈಟ್ ಕಲ್ಲು, ಕಲ್ಲಿನ ಮೇಲೆ ಆಕೆಯ ಫೋಟೋ, ಫೋಟೋಗೆ ಹಾರ. ಬಾಗಿಲಿಗೆ ಬೀಗ.

ಬೀಗ ಯಾಕೆಂದರೆ ಅವ್ವನವರ ಹೆಸರಿದೆ. ನೂರಾರು ಹುಡುಗಿಯರು ಹೋಗಿ ಹೊಲಸು ಮಾಡಿದರೆ ಆ ಹೆಸರಿಗೆ ಅಪಚಾರ. ಈ ತರ್ಕವನ್ನು ಚೇರ್ಮನ್ನರು ಹೇಳಿದ್ದಲ್ಲ. ಅವರ ಮನಸ್ಸಿನಲ್ಲಿ ಇರಬಹುದೆಂದು ಪ್ರಿನ್ಸಿಪಾಲರು ತಾವಾಗಿ ಊಹಿಸಿಕೊಂಡದ್ದು. ಕಾಲೇಜಿಗೆ ತಪಾಸಣೆ ಸಮಿತಿ ಬಂದ ದಿನ ಬೀಗ ತೆಗೆದು, ಸೋಪು ಇಟ್ಟು, ಟವೆಲ್ಲು ನೇತುಹಾಕಿ, ಅವರು ಬಗ್ಗಿ ನೋಡಿ ಭೇಷ್ ಎಂದು ಹೋದ ಮೇಲೆ ಟವೆಲ್ಲು ಸಮೇತ ಮತ್ತೆ ಬೀಗ. ಅವ್ವನವರ ಪುಣ್ಯಸ್ಮರಣೆಯ ದಿನ ಆ ಬಾಗಿಲಿಗೆ ವಿಭೂತಿ ಹಚ್ಚಿ ಊದಿನಕಡ್ಡಿ ಬೆಳಗುತ್ತಿದ್ದರು. ಶೌಚಾಲಯಕ್ಕೆ ಪೂಜೆ ಮಾಡಿ ಪ್ರಸಾದ ಹಂಚಿದ ಕಾಲೇಜು ನಮ್ಮದೊಂದೇ ಇರಬೇಕು. ನಾನೂ ಸಾಲಿನಲ್ಲಿ ನಿಂತು ಸಕ್ಕರೆ ತಿಂದಿದ್ದೇನೆ.

ಪ್ರಿನ್ಸಿಪಾಲರು ಕೆಟ್ಟವರಲ್ಲ. ಈ ವಿಷಯದ ಮಹತ್ವ ಅವರಿಗೆ ತಿಳಿಯಲು ಅವಕಾಶವೇ ಸಿಕ್ಕಿರಲಿಲ್ಲ. ಗಂಡಸರಿಗೆ ಇಡೀ ಕಾಂಪೌಂಡಿನ ಗೋಡೆ ಇತ್ತು, ಅದಕ್ಕೆ ಉದ್ಘಾಟನೆ ಬೇಕಿರಲಿಲ್ಲ. ಮೇಡಂ ಮೊದಲ ಸಲ ಬೀಗದಕೈ ಕೇಳಿದಾಗ, ಇಷ್ಟು ವರ್ಷ ಹೆಂಗೋ ನಡೆದಿದೆಯಲ್ಲ ಎಂದರಂತೆ. ಎರಡನೇ ಸಲ ಸ್ಟಾಫ್ ಮೀಟಿಂಗಿನಲ್ಲಿ ಕೇಳಿದಾಗ, ಇಂಥ ವಿಷಯ ಎಲ್ಲರ ಮುಂದೆ ಬೇಡ ಎಂದರು. ಮೇಡಂ ತುಟಿ ಬಿಗಿಹಿಡಿದದ್ದನ್ನು ನಾನು ನೋಡಿದೆ. ಬಂತು ಎಂದುಕೊಂಡೆ.

"ಸಾರ್, ಮೂತ್ರಕೋಶಕ್ಕೆ ಎರಡು ಬಾಗಿಲು ಇರ್ತಾವೆ. ಒಳಗಿಂದು ನಮ್ಮ ಮಾತು ಕೇಳಲ್ಲ, ಅದರ ಪಾಡಿಗೆ ಅದು ತೆರೀತೈತೆ. ಹೊರಗಿಂದು ನಮ್ಮ ಮಾತು ಕೇಳ್ತೈತೆ, ಹಿಡಕೋ ಅಂದ್ರೆ ಹಿಡಕೊಂತೈತೆ. ಪುಸ್ತಕದಾಗೆ ಇಷ್ಟೇ ಐತೆ. ನಮ್ಮ ಕಾಲೇಜಿನ ಹೆಣ್ಮಕ್ಕಳಿಗೆ ಮಾತ್ರ ಮೂರನೇ ಬಾಗಿಲು ಒಂದೈತೆ. ಅದರ ಬೀಗದಕೈ ನಿಮ್ಮ ಹತ್ರ ಐತೆ. ಇದನ್ನ ಹುಡುಗರಿಗೆ ಪಾಠ ಮಾಡ್ಲಾ, ಬಿಡ್ಲಾ?"

ಮೀಟಿಂಗಿನಲ್ಲಿ ಯಾರೂ ನಗಲಿಲ್ಲ. ಪ್ರಿನ್ಸಿಪಾಲರು ಮುಂದಿನ ವಿಷಯಕ್ಕೆ ಹೋದರು. ಮುಂದಿನ ವಿಷಯ ಕಾಲೇಜಿನ ಅಂಗಳದಲ್ಲಿ ಕಾರಂಜಿ ಹಾಕಿಸುವುದು.

ಇದನ್ನೆಲ್ಲ ಬರೆಯುವಾಗ ನಗು ಬರುತ್ತದೆ, ಆಗ ಬರುತ್ತಿರಲಿಲ್ಲ. ಯಾಕೆಂದರೆ ಮೇಡಂಗೆ ಪದೇ ಪದೇ ಜ್ವರ ಬರುತ್ತಿತ್ತು. ಹೆಂಗಸರ ಮೂತ್ರದ ಹೊರನಾಳ ಗಿಡ್ಡ, ಸೋಂಕು ಸುಲಭವಾಗಿ ಒಳಗೆ ನುಗ್ಗುತ್ತದೆ, ಆಗಾಗ ನೀರು ಕುಡಿದು ಆಗಾಗ ಖಾಲಿ ಮಾಡಿದರೆ ಅದು ಕೊಚ್ಚಿಕೊಂಡು ಹೋಗುತ್ತದೆ, ತುಂಬಿಕೊಂಡೇ ಕೂತರೆ ಅಲ್ಲೇ ಬೇರು ಬಿಡುತ್ತದೆ. ಇದು ಅವರೇ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುವ ಪಾಠ. ಒಂದು ದಿನ ಆ ಪಾಠವನ್ನೇ ಹೇಳುತ್ತ ಹೇಳುತ್ತ ಗಡಗಡ ನಡುಗಿ ಕುರ್ಚಿಯಲ್ಲಿ ಕುಸಿದರು. ನಾನೇ ಆಟೋ ಮಾಡಿಕೊಂಡು ದಾವಣಗೆರೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆ ಡಾಕ್ಟರು ಅವರ ಹಳೆಯ ಶಿಷ್ಯ. ಸೋಂಕು ಮೂತ್ರಕೋಶದಿಂದ ಮೇಲೆ ಹತ್ತಿ ಕಿಡ್ನಿ ಮುಟ್ಟಿದೆ, ಇದು ಮೊದಲ ಸಲವೂ ಅಲ್ಲ, ಹೀಗೇ ನಡೆದರೆ ಕಿಡ್ನಿಗಳು ಉಳಿಯುವುದಿಲ್ಲ ಎಂದು ಅವನು ಬಿಡಿಸಿ ಹೇಳಿದ. ಆಮೇಲೆ ಶಿಷ್ಯನ ದನಿಯಲ್ಲಿ, ಇದನ್ನೆಲ್ಲ ನಮಗೆ ಹೇಳಿಕೊಟ್ಟವರು ನೀವೇ ಅಲ್ಲವೇ ಎಂದು ಕೇಳಿದ.

"ಪಾಠ ನಂದಪ್ಪ. ಬೀಗ ಅವರದು" ಎಂದರು ಮೇಡಂ.

ಆ ದಿನ ವಾಪಸ್ ಬರುವಾಗ ಅವರು ಮಾತಾಡಲಿಲ್ಲ. ನನಗೆ ಭಯವಾಯಿತು. ಅವರ ಮೌನ ಒಳ್ಳೆಯದಕ್ಕಲ್ಲ ಎಂದು ನನಗೆ ಗೊತ್ತಿತ್ತು, ಯಾರಿಗೆ ಕೆಟ್ಟದ್ದಕ್ಕೆ ಎಂದು ಮಾತ್ರ ಗೊತ್ತಿರಲಿಲ್ಲ.

ಜ್ವರ ಬಿಟ್ಟು ಕಾಲೇಜಿಗೆ ಬಂದವರೇ ವಿದ್ಯಾರ್ಥಿನಿಯರಿಗಾಗಿ ಒಂದು ಆರೋಗ್ಯ ಕಾರ್ಯಕ್ರಮ ಮಾಡೋಣ ಎಂದರು. ವಿಷಯ ಕಿಡ್ನಿಯ ರಕ್ಷಣೆ. ಪ್ರಿನ್ಸಿಪಾಲರಿಗೆ ಪರಮಾನಂದ: ಮೇಡಂ ದಾರಿಗೆ ಬಂದರು, ಪೇಪರಿನಲ್ಲಿ ಫೋಟೋ ಬರುತ್ತದೆ. ಅಧ್ಯಕ್ಷತೆಗೆ ಚೇರ್ಮನ್ನರು ಸರಿ, ಮುಖ್ಯ ಅತಿಥಿಯಾಗಿ ಅವರ ಮನೆಯವರೇ ಬರಲಿ, ಹೆಣ್ಣುಮಕ್ಕಳ ಕಾರ್ಯಕ್ರಮ ಅಲ್ಲವೇ ಎಂದು ಮೇಡಂ ಸೂಚಿಸಿದರು. ಪ್ರಿನ್ಸಿಪಾಲರು ಇದಕ್ಕೂ ತಲೆಯಾಡಿಸಿದರು. ಸಾಹುಕಾರರ ಹೆಂಡತಿ ಬಂದರೆ ಸಾಹುಕಾರರು ಖುಷಿಯಾಗುತ್ತಾರೆ ಎಂಬುದು ಅವರ ಲೆಕ್ಕ.

ಆ ಅಮ್ಮ ದಾವಣಗೆರೆಯಲ್ಲಿ ಯಾರದೋ ಮದುವೆ ಮುಗಿಸಿಕೊಂಡು, ರೇಷ್ಮೆ ಸೀರೆಯಲ್ಲೇ ನೇರವಾಗಿ ನಮ್ಮ ಸಭಾಂಗಣಕ್ಕೆ ಬಂದರು. ಬಂದ ತಕ್ಷಣ ಮೇಡಂ ಎಳನೀರು ಕೊಟ್ಟರು. ವೇದಿಕೆಗೆ ಹತ್ತಿದ ಮೇಲೆ ದೊಡ್ಡ ಲೋಟದಲ್ಲಿ ಮಜ್ಜಿಗೆ ಬಂತು. ಸ್ವಾಗತ ಭಾಷಣ ಮುಗಿಯುವ ಹೊತ್ತಿಗೆ ಚಹಾ ಬಂತು. ಮೇಡಂ ಯಾರಿಗೂ ಇಷ್ಟು ಉಪಚಾರ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಮೈಕಿನ ಮುಂದೆ ನಿಂತರು.

ಮೊದಲು ಕಿಡ್ನಿ ಬಂತು. ದೀಪಾವಳಿ ಬಂತು, ರೇಡಿಯೋ ಬಂತು. ಆಮೇಲೆ ಅಲ್ಲಿಂದ ಹೊರಡುವ ಎರಡು ನಾಳಗಳು. ಮೂತ್ರ ಅದರೊಳಗೆ ಸುಮ್ಮನೆ ಜಾರಿ ಬರುವುದಿಲ್ಲ, ನಾಳವೇ ಹಿಂಡಿ ಹಿಂಡಿ ಕೆಳಗೆ ತಳ್ಳುತ್ತದೆ, ಮಲಗಿದ್ದರೂ ತಳ್ಳುತ್ತದೆ, ಭಾಷಣ ಕೇಳುತ್ತ ಕೂತಿದ್ದರೂ ತಳ್ಳುತ್ತದೆ, ಅದಕ್ಕೆ ಭಾನುವಾರವಿಲ್ಲ, ಬಂದ್ ಇಲ್ಲ ಎಂದು ನಿಧಾನವಾಗಿ ವಿವರಿಸಿದರು. ಆಮೇಲೆ ಮೂತ್ರಕೋಶ. ಅದು ಹೇಗೆ ಹಿಗ್ಗುತ್ತದೆ, ಅರ್ಧ ತುಂಬಿದಾಗ ಏನು ಸೂಚನೆ ಕೊಡುತ್ತದೆ, ಆ ಸೂಚನೆಯನ್ನು ನಾವು ಕಡೆಗಣಿಸಿದರೆ ಸ್ವಲ್ಪ ಹೊತ್ತು ಸುಮ್ಮನಾಗಿ ಮತ್ತೆ ಹೇಗೆ ಜೋರಾಗಿ ಬಾಗಿಲು ಬಡಿಯುತ್ತದೆ. ಚೇರ್ಮನ್ನರಿಗೆ ಅಷ್ಟರಲ್ಲಿ ಎರಡು ಸಲ ಫೋನ್ ಬಂದಿತ್ತು. ಎರಡು ಸಲವೂ ಅವರಿಗೆ ಸಿಗ್ನಲ್ ಸಿಕ್ಕಿದ್ದು ಕಾಂಪೌಂಡಿನ ಗೋಡೆಯ ಹತ್ತಿರವೇ. ಆ ಅಮ್ಮನಿಗೆ ಅಂಥ ಫೋನ್ ಯಾವುದೂ ಬರುವಂತಿರಲಿಲ್ಲ. ಸೀರೆಯ ನೆರಿಗೆ ಸರಿಮಾಡಿಕೊಂಡರು, ಕಾಲಿನ ಮೇಲೆ ಕಾಲು ಹಾಕಿದರು, ತೆಗೆದರು. ಕೊನೆಗೆ ನಾಚಿಕೆ ಬಿಟ್ಟು ಎದ್ದು ಬಂದು ಮೇಡಂ ಕಿವಿಯಲ್ಲಿ ಏನೋ ಹೇಳಿದರು.

ಮೇಡಂ ಅರ್ಧ ವಾಕ್ಯದಲ್ಲೇ ಭಾಷಣ ನಿಲ್ಲಿಸಿ ಅವರ ಕೈ ಹಿಡಿದುಕೊಂಡು ಹೊರಟರು. ಹಿಂದೆ ಪ್ರಿನ್ಸಿಪಾಲರು, ಅವರ ಹಿಂದೆ ನಾನು. ಬಾಗಿಲ ಮುಂದೆ ನಿಂತು ಮೇಡಂ ಬೀಗದ ಕಡೆ ಕೈ ತೋರಿಸಿದರು. ಬೀಗದಕೈ ಆಫೀಸಿನ ಬೀರುವಿನಲ್ಲಿತ್ತು. ಬೀರುವಿನ ಬೀಗದಕೈ ಗುಮಾಸ್ತರ ಹತ್ತಿರ ಇತ್ತು. ಗುಮಾಸ್ತರು ಖಜಾನೆಯ ಕೆಲಸಕ್ಕೆ ದಾವಣಗೆರೆಗೆ ಹೋಗಿದ್ದರು. ಪ್ರಿನ್ಸಿಪಾಲರು ಬೆವರುತ್ತ, ಎದುರಿನ ಮನೆಯವರು ಬಹಳ ಒಳ್ಳೆಯವರು, ಅಲ್ಲಿ ಕೇಳೋಣ ಎಂದರು. ಆ ಅಮ್ಮ ಬೀಗ ನೋಡಿದರು, ತಲೆಯೆತ್ತಿ ಹಾರ ಹಾಕಿದ ಅತ್ತೆಯ ಫೋಟೋ ನೋಡಿದರು.

"ನಮ್ಮತ್ತಿ ಇದ್ದಾಗ ಸಕ್ಕರಿ ಡಬ್ಬಿಗೂ ಬೀಗ ಹಾಕೋರು. ಸತ್ತ ಮ್ಯಾಲೂ ಬಿಡ್ಲಿಲ್ಲಲ್ಲ ಈಯಮ್ಮ. ಡ್ರೈವರ್‌ನ ಕರೀರಿ, ಒಡೀರಿ ಅದನ್ನ."

ಡ್ರೈವರು ಕಾರಿನಿಂದ ಜಾಕಿನ ರಾಡು ತಂದು ಎರಡು ಪೆಟ್ಟು ಕೊಟ್ಟ. ಬೀಗ ಬಿತ್ತು. ಒಳಗೆ ಹೋಗಿ ಹೊರಗೆ ಬಂದ ಆ ಅಮ್ಮನ ಮುಖದಲ್ಲಿ ಇದ್ದ ಶಾಂತಿಯನ್ನು ನಾನು ಯಾವ ಮಠದಲ್ಲೂ ಕಂಡಿಲ್ಲ. ನೇರವಾಗಿ ವೇದಿಕೆಗೆ ಹೋಗಿ ಗಂಡನ ಪಕ್ಕದಲ್ಲಿ ಕೂತು, ಮಾತು ಮೈಕಿನಲ್ಲಿ ಕೇಳಿಸುವಷ್ಟು ಹತ್ತಿರದಲ್ಲೇ, ಇಷ್ಟು ಚಂದ ಕಟ್ಟಿಸಿ ಯಾರಿಗೆ ಅಂತ ಇಟ್ಟಿದ್ದೀರಿ ಎಂದು ಕೇಳಿದರು. ಇನ್ನು ಮೇಲೆ ಅದಕ್ಕೆ ಬೀಗ ಬಿದ್ದರೆ ನನಗೆ ಗೊತ್ತಾಗುತ್ತದೆ ಎಂದೂ ಸೇರಿಸಿದರು. ಬೀಗ ಹಾಕಿದ್ದೇ ಗೊತ್ತಿಲ್ಲದ ಸಾಹುಕಾರರು ಪ್ರಿನ್ಸಿಪಾಲರ ಕಡೆ ನೋಡಿದರು. ಪ್ರಿನ್ಸಿಪಾಲರು ಫ್ಯಾನಿನ ಕಡೆ ನೋಡಿದರು. ಮೇಡಂ ಮತ್ತೆ ಮೈಕಿನ ಮುಂದೆ ಬಂದು, ಎಲ್ಲಿಗೆ ಬಂದಿದ್ದೆವು, ಹಾಂ, ಮೂತ್ರಕೋಶ ಖಾಲಿಯಾಯಿತು, ಇಲ್ಲಿಗೆ ಪಾಠ ಮುಗಿಯಿತು ಎಂದರು. ಹುಡುಗಿಯರು ಚಪ್ಪಾಳೆ ಹೊಡೆದದ್ದು ಬಸ್‌ಸ್ಟ್ಯಾಂಡಿನವರೆಗೆ ಕೇಳಿಸಿರಬೇಕು.

ಸಂಜೆ ಬಸ್ಸಿನಲ್ಲಿ, ಇದನ್ನೆಲ್ಲ ಬೇಕೆಂದೇ ಮಾಡಿದಿರಾ ಎಂದು ಕೇಳಿದೆ.

"ಎಳನೀರು ಕೊಟ್ಟೆ, ಮಜ್ಜಿಗೆ ಕೊಟ್ಟೆ. ಅತಿಥಿ ಸತ್ಕಾರ ಮಾಡೋದು ತಪ್ಪೇನವ್ವ? ಉಳಿದಿದ್ದು ಕಿಡ್ನಿ ಮಾಡ್ತು."

ಪ್ರಿನ್ಸಿಪಾಲರು ಹೇಳಿದ್ದ ಭವಿಷ್ಯ ಒಂದೇ ವಾರದಲ್ಲಿ ನಿಜವಾಯಿತು. ಶೌಚಾಲಯ ಹೊಲಸಾಯಿತು. ನಾನು ಹೇಳಿರಲಿಲ್ಲವೇ ಎಂದು ಅವರು ಬಹಳ ಸಂತೋಷದಿಂದ ಎಲ್ಲರಿಗೂ ತೋರಿಸಿಕೊಂಡು ಓಡಾಡಿದರು. ಹೊಲಸಾದರೆ ತೊಳೆಯಬೇಕು, ನಿಮ್ಮ ಮೇಜಿನ ಮೇಲೆ ಚಹಾ ಚೆಲ್ಲಿದರೆ ರೂಮಿಗೆ ಬೀಗ ಹಾಕುತ್ತೀರೇನು ಎಂದು ಮೇಡಂ ಕೇಳಿದರು. ಸಾಹುಕಾರರ ಮನೆಯಮ್ಮ ಮಿಲ್ಲಿನಿಂದ ಒಬ್ಬ ಹೆಂಗಸನ್ನು ದಿನವೂ ತೊಳೆಯಲು ಕಳಿಸಿದರು. ಅತ್ತೆಯ ಫೋಟೋ ಆಫೀಸಿನ ಗೋಡೆಗೆ ಬಂತು. ಕಾಲೇಜಿನ ಫಿಲ್ಟರಿನ ನೀರು ಮಧ್ಯಾಹ್ನಕ್ಕೇ ಖಾಲಿಯಾಗತೊಡಗಿತು. ದಿನಕ್ಕೆ ಎಷ್ಟು ಸಲ ತುಂಬಿಸಬೇಕು, ಈ ಹುಡುಗಿಯರಿಗೆ ಇದ್ದಕ್ಕಿದ್ದಂತೆ ಏನಾಗಿದೆ ಎಂದು ಜವಾನ ಗೊಣಗುತ್ತಿದ್ದ. ಆ ಬೇಸಿಗೆಯಲ್ಲಿ ಪ್ರಾರ್ಥನೆಯ ಸಾಲಿನಲ್ಲಿ ಯಾರೂ ಬೀಳಲಿಲ್ಲ. ತೆಳ್ಳಗಾಗುವ ಹುಚ್ಚು ಏನಾಯಿತೆಂದು ಗಂಡಸು ಮೇಷ್ಟ್ರುಗಳು ವಿಚಾರಿಸಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಇದು ಗೆದ್ದವರ ಕಥೆಯಾಗುತ್ತಿತ್ತು.

ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಬಸ್ಸಿನಲ್ಲಿ ಮೇಡಂ ಬ್ಯಾಗು ನನ್ನ ತೊಡೆಯ ಮೇಲಿತ್ತು. ಭಾರವಾಗಿತ್ತು. ತೆಗೆದು ನೋಡಿದರೆ ಬಾಟಲಿ ಕತ್ತಿನವರೆಗೆ ತುಂಬಿತ್ತು. ನನಗೆ ಸಿಟ್ಟು ಬಂತು. ಅವರ ಮೇಲೆ ನಾನು ಸಿಟ್ಟಾದದ್ದು ಅದೇ ಮೊದಲು. ಇಷ್ಟೆಲ್ಲ ಮಾಡಿ ಬೀಗ ಒಡೆಸಿದ್ದು ಯಾರಿಗೋಸ್ಕರ, ಡಾಕ್ಟರು ಅಷ್ಟು ಹೇಳಿದ್ದಾರೆ, ನೀವು ಯಾಕೆ ಕುಡಿಯುವುದಿಲ್ಲ, ಯಾಕೆ ಹೋಗುವುದಿಲ್ಲ ಎಂದು ಸುತ್ತಲಿನವರು ನೋಡುವಂತೆ ಕೇಳಿದೆ. ಅವರು ಬಾಟಲಿ ಕಸಿದುಕೊಂಡು ಬ್ಯಾಗಿಗೆ ಹಾಕಿದರು.

"ಮೂವತ್ತು ವರ್ಷ ತಡಿ ತಡಿ ಅಂತ ಹೇಳೀನಿ ಅದಕ್ಕೆ. ಈಗ ಅದು ಒಳ್ಳೆ ಸೊಸಿ ಆಗಿಬಿಟ್ಟೈತವ್ವ. ಏನೂ ಕೇಳಾದೇ ಇಲ್ಲ."

ಮೂತ್ರಕೋಶ ಹಿಗ್ಗಿ ಹಿಗ್ಗಿ ಸಡಿಲವಾಗಿತ್ತು. ತುಂಬಿದರೂ ಅವರಿಗೆ ತಿಳಿಯುತ್ತಿರಲಿಲ್ಲ, ಹೋದರೂ ಪೂರ್ತಿ ಖಾಲಿಯಾಗುತ್ತಿರಲಿಲ್ಲ. ಇದನ್ನು ಅವರು ತಿಳಿದೂ ಯಾರಿಗೂ ಹೇಳದೆ ಇದ್ದರು. ಬಾಯಿಬಡುಕಿ ಎಂದು ಹೆಸರಾದ ಹೆಂಗಸು ಹೇಳಲೇಬೇಕಾದ ಒಂದು ಮಾತನ್ನು ನುಂಗಿಕೊಂಡಿದ್ದಳು. ಸಹನೆ ಅವರಿಗೆ ಇರಲಿಲ್ಲ ಎಂದು ಮೇಲೆ ಬರೆದೆ. ಸಹಿಸಿದ್ದು ಅವರಲ್ಲ, ಅವರ ಮೂತ್ರಕೋಶ. ಶ್ರದ್ಧಾಂಜಲಿಯನ್ನು ಅದಕ್ಕೆ ಸಲ್ಲಿಸಬೇಕಿತ್ತು.

ನಿವೃತ್ತರಾದ ಎರಡನೇ ವರ್ಷಕ್ಕೆ ಡಯಾಲಿಸಿಸ್ ಶುರುವಾಯಿತು. ಬಿಪಿಯೂ ಇತ್ತು, ವಯಸ್ಸೂ ಇತ್ತು, ಇದೊಂದರಿಂದಲೇ ಆಯಿತು ಎಂದು ಹೇಳಲಾಗದು ಎಂದು ಅವರ ಶಿಷ್ಯ ಡಾಕ್ಟರು ಹೇಳಿದ. ಹೇಳುವಾಗ ನನ್ನ ಮುಖ ನೋಡಲಿಲ್ಲ. ವಾರಕ್ಕೆ ಎರಡು ಮೂರು ಸಲ ದಾವಣಗೆರೆಯ ಆಸ್ಪತ್ರೆಯಲ್ಲಿ ಅರ್ಧ ದಿನ ಆ ಯಂತ್ರದ ಪಕ್ಕ ಮಲಗಬೇಕು. ಅಲ್ಲೂ ಅವರ ಪಾಠ ನಿಲ್ಲಲಿಲ್ಲ. ಕಿಡ್ನಿ ಮುಷ್ಟಿಯಷ್ಟಿದ್ದು ಸದ್ದಿಲ್ಲದೆ ಮಾಡುವ ಕೆಲಸವನ್ನು ಈ ಬೀರುವಿನಷ್ಟು ದೊಡ್ಡ ಯಂತ್ರ ಗುರ್ ಎಂದು ಮಾಡಿಯೂ ಅರ್ಧಕ್ಕೆ ಬಿಡುತ್ತದೆ, ನಮ್ಮ ಆಡಳಿತ ಮಂಡಳಿಯ ಹಾಗೆ ಎಂದು ಪಕ್ಕದ ಹಾಸಿಗೆಯವರಿಗೆ ಹೇಳಿ ನಗಿಸುತ್ತಿದ್ದರಂತೆ.

ನಾನು ಕೊನೆಯ ಸಲ ನೋಡಲು ಹೋದದ್ದು ಒಂದು ಶನಿವಾರ. ಕಾಲೇಜು ಮುಗಿಸಿ, ಹರಿಹರದಿಂದ ಬಸ್ಸು ಇಳಿದು ನೇರವಾಗಿ ಆಸ್ಪತ್ರೆಗೆ ಹೋದೆ. ಮೈ ಇಳಿದುಹೋಗಿತ್ತು, ಕಾಲು ಊದಿದ್ದವು. ತುಟಿ ಒಣಗಿ ಬಿರಿದಿತ್ತು. ಮೇಜಿನ ಮೇಲೆ ಸಣ್ಣ ಲೋಟದಲ್ಲಿ ಅರ್ಧ ನೀರು. ಇಡೀ ದಿನಕ್ಕೆ ಅವರಿಗೆ ಅಳೆದು ಕೊಡುತ್ತಿದ್ದದ್ದು ಅಂಥ ಕೆಲವೇ ಲೋಟ. ಅದಕ್ಕಿಂತ ಹೆಚ್ಚು ಕುಡಿದರೆ ಹೊರಗೆ ಹೋಗಲು ದಾರಿಯಿಲ್ಲದೆ ನೀರು ಎದೆಗೆ ಏರುತ್ತದೆ. ಅವರು ನನ್ನ ಕಣ್ಣು ಆ ಲೋಟದ ಮೇಲಿದ್ದುದನ್ನು ನೋಡಿದರು.

"ಆಗ ಕುಡಿಯಾಕೆ ನೀರಿತ್ತು, ಹೋಗಾಕೆ ಜಾಗ ಇರ್ಲಿಲ್ಲ. ಈಗ ನೋಡು, ಅಲ್ಲೇ ಐತೆ ಬಾಗಿಲು, ನಾಲ್ಕು ಹೆಜ್ಜಿ. ಹೋಗಾಕೆ ಏನೂ ಇಲ್ಲ. ಪ್ರಿನ್ಸಿಪಾಲರಿಗೆ ಹೇಳು, ಈಗ ಬೇಕಾದ್ರೆ ಬೀಗ ಹಾಕ್ಕೊಳ್ಳಲಿ."

ನಗಬೇಕೆಂದು ಹೇಳಿದ್ದು. ಆ ಮಾತಿಗೆ ನಗುವುದು ನನ್ನಿಂದ ಆಗಲಿಲ್ಲ. ಅವರ ಕೈ ಹಿಡಿದುಕೊಂಡೆ, ಅದು ಬಿಸಿಯಾಗಿತ್ತು. ಇಷ್ಟು ವರ್ಷ ಬೈಸಿಕೊಂಡದ್ದಕ್ಕೆ ಪ್ರತಿಯಾಗಿ ಒಂದು ಒಳ್ಳೆಯ ಮಾತು ಹೇಳಬೇಕು, ನೀವಿಲ್ಲದೆ ಆ ಬಸ್ಸಿನಲ್ಲಿ ಕೂರುವುದು ನನಗೆ ಕಷ್ಟ ಎನ್ನಬೇಕು ಎಂದುಕೊಂಡೆ. ಬಾಯಿ ತೆರೆದರೆ ಅಳು ಬರುತ್ತಿತ್ತು. ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಇವತ್ತು ಬೆಳಿಗ್ಗೆ ಮನೆ ಬಿಟ್ಟ ಮೇಲೆ ಎಷ್ಟು ಸಲ ಹೋಗಿದ್ದೀಯ ಎಂದು ಕೇಳಿದರು. ಬೆಳಿಗ್ಗೆಯಿಂದ ಒಂದು ಸಲವೂ ಹೋಗಿರಲಿಲ್ಲ. ಕಾಲೇಜಿನಲ್ಲಿ ಬಾಗಿಲು ತೆರೆದೇ ಇತ್ತು. ಪಾಠ, ಪೇಪರು, ಬಸ್ಸಿನ ಹೊತ್ತು ಎಂದು ತಡೆದುಕೊಂಡೇ ಬಂದಿದ್ದೆ.

ಮೇಡಂ ನನ್ನ ಕೈಯಿಂದ ತಮ್ಮ ಕೈ ಬಿಡಿಸಿಕೊಂಡು, ಆ ಬಾಗಿಲಿನ ಕಡೆ ತೋರಿಸಿದರು.

"ಏಳು. ಮೊದ್ಲು ಹೋಗಿ ಬಾ. ಆಮ್ಯಾಲೆ ಅಳು."

ನಾನು ಎದ್ದು ಹೋದೆ. ಹೋಗಿ ಬಂದು, ಅವರು ಹೇಳಿದ ಕ್ರಮದಲ್ಲೇ, ಅವರ ಪಕ್ಕದಲ್ಲಿ ಕೂತು ಅತ್ತೆ.